ಬರ್ಬನ್‌ಗೆ ಚಿಕೋರಿ ವಾಸನೆ ಬಂದರೆ

ಡ್ಯೂಟಿ ಫ್ರೀಯಲ್ಲಿ ಕೊಂಡ ಬರ್ಬನ್ (ಅಮೆರಿಕದ ಮೆಕ್ಕೆಜೋಳದ ವಿಸ್ಕಿ) ಬಾಟಲಿಗೆ ಮೊದಲ ತೀರ್ಪು ಬೀಳುವುದು ಸಾಮಾನ್ಯವಾಗಿ ಊರು ಮುಟ್ಟಿದ ರಾತ್ರಿಯೇ. ಮೂಗು ವಿಮಾನದ ಎಸಿಗೆ ಕಟ್ಟಿರುತ್ತದೆ, ನಾಲಿಗೆ ಮೇಲೆ ಕೋಳಿ ಸಾರಿನ ಖಾರ, ಅಡುಗೆಮನೆಯಿಂದ ಇಂಗಿನ ಒಗ್ಗರಣೆ. ‘ಇದಕ್ಕಾ ಇಷ್ಟು ದುಡ್ಡು? ಬರೀ ಉರಿ’ ಅಂದು ಬಾಟಲಿಯನ್ನು ಕಪಾಟಿನಲ್ಲಿ ಮಲಗಿಸುತ್ತಾರೆ.

ಆ ಮಲಗಿಸಿದ್ದೇ ಎಡವಟ್ಟು. ವೈನ್ ಮಲಗಬಹುದು, ವಿಸ್ಕಿ ನಿಂತೇ ಇರಬೇಕು. ಶೇ. 50ರ ಆಲ್ಕೋಹಾಲ್‌ನಲ್ಲಿ ತಿಂಗಳುಗಟ್ಟಲೆ ನೆಂದ ಬಿರಡೆ, ತೆಗೆಯಲು ಹೋದಾಗ ಹಳೇ ರಸ್ಕಿನ ಹಾಗೆ ಪುಡಿಯಾಗುತ್ತದೆ. ‘ಕಾಫಿ ಫಿಲ್ಟರಿನಲ್ಲಿ ಸೋಸಿ’ ಅನ್ನುತ್ತಾರೆ ಅಮೆರಿಕದವರು. ಅವರ ಫಿಲ್ಟರ್ ಕಾಗದದ್ದು. ನಮ್ಮವರು ಸ್ಟೀಲ್ ಫಿಲ್ಟರ್ ತೊಳೆದು, ಅದರಲ್ಲೇ ಹನಿ ಹನಿಯಾಗಿ ಇಳಿಸಿ, ಆಮೇಲೆ ‘ಹಿನ್ನೆಲೆಯಲ್ಲಿ ಚಿಕೋರಿ ಇದೆ ಕಣ್ರೀ’ ಎಂದು ಗಂಭೀರವಾಗಿ ತಲೆದೂಗುತ್ತಾರೆ. ಹತ್ತು ವರ್ಷದ ಡಿಕಾಕ್ಷನ್ ಕುಡಿದ ಪಾತ್ರೆ, ಪಾಪ, ಇನ್ನೇನು ಕೊಟ್ಟೀತು? ಸೋಪು ಹಾಕದೆ ಒಗೆದು ಒಣಗಿಸಿದ ತೆಳು ಮಲ್ ಬಟ್ಟೆ ಸಾಕು.

ಡಿಕಾಕ್ಷನ್ ಅಂದಾಗ ನೆನಪಾಯಿತು: ಬರ್ಬನ್ ಎನಿಸಿಕೊಳ್ಳಲು ಕನಿಷ್ಠ ಶೇ. 51 ಮೆಕ್ಕೆಜೋಳ, ಒಳಮೈ ಸುಟ್ಟ ಹೊಚ್ಚ ಹೊಸ ಓಕ್ ಪೀಪಾಯಿ ಬೇಕೆನ್ನುತ್ತದೆ ಅಮೆರಿಕದ ಕಾನೂನು. ಅದೇ ಪೀಪಾಯಿಯನ್ನು ಆಮೇಲೆ ಸ್ಕಾಚ್‌ನವರು ಕೊಳ್ಳುತ್ತಾರೆ. ಅಂದರೆ ಮೊದಲ ಡಿಕಾಕ್ಷನ್ ಬರ್ಬನ್‌ಗೆ, ಎರಡನೆಯದು ಸ್ಕಾಚ್‌ಗೆ. ಹಾಗಾಗಿ ಅಮೆರಿಕದ ಕೆಂಟಕಿಯ ಬೇಸಿಗೆಯಲ್ಲಿ ಹನ್ನೆರಡು ವರ್ಷ ಕೂತ ಬರ್ಬನ್‌ಗೆ ಮರದ ರುಚಿ ಚೆನ್ನಾಗಿಯೇ ಹಿಡಿದಿರುತ್ತದೆ. ತೀರಾ ಹಿಡಿದರೆ ಕುದಿಸಿ ಮರೆತ ಚಹಾದ ಒಗರು. ಬಾಟಲಿಗೆ ಬಿದ್ದ ಮೇಲೆ ಮರದ ಸಹವಾಸ ಮುಗಿಯಿತು. ಐದು ವರ್ಷ ಕಪಾಟಿನಲ್ಲಿಟ್ಟರೆ 12 ವರ್ಷದ್ದು 17 ಆಗುವುದಿಲ್ಲ, ಬರೀ ಧೂಳು ಹಿಡಿಯುತ್ತದೆ.

ಮರುಪರೀಕ್ಷೆಗೆ ಎರಡು ವಾರ ಬಿಟ್ಟು, ಊಟಕ್ಕೆ ಮೊದಲು ಕೂರಬೇಕು. ಅಗರಬತ್ತಿ ಆರಿರಲಿ. ಬಾಯಿ ಕಿರಿದಾದ ಲೋಟಕ್ಕೆ 30 ಮಿ.ಲೀ. ಹಾಕಿ ಹತ್ತು ನಿಮಿಷ ಸುಮ್ಮನಿರಿ. ಇದೇ ಕಷ್ಟದ ಘಟ್ಟ. ಮೂಸುವಾಗ ಬಾಯಿ ಸ್ವಲ್ಪ ತೆರೆದಿರಬೇಕು. ಮೂಗನ್ನು ಲೋಟದೊಳಕ್ಕೆ ತುರುಕಿದರೆ ಆಲ್ಕೋಹಾಲ್ ಚುಚ್ಚಿ ಮೂಗು ಮರಗಟ್ಟುತ್ತದೆ. ನಂತರ ಅರ್ಧ ಟೀ ಚಮಚ, ಅಂದರೆ 2.5 ಮಿ.ಲೀ. ನೀರು. ಶೇ. 50 ಇದ್ದದ್ದು ಸುಮಾರು 46ಕ್ಕೆ ಇಳಿಯುತ್ತದೆ. ಬೋರ್‌ವೆಲ್ ನೀರು ಬೇಡ. ಮಗುವಿನ ಔಷಧಿಯ ಡ್ರಾಪರ್ ಮೊದಲೇ ಬೇಡ, ‘ಸ್ಟ್ರಾಬೆರಿ ಪರಿಮಳ’ ಎಲ್ಲಿಂದ ಬಂತೆಂದು ರಾತ್ರಿಯಿಡೀ ಚರ್ಚೆಯಾಗುತ್ತದೆ. ಬಾಟಲಿ ನಾಬ್ ಕ್ರೀಕ್ 12 (ಶೇ. 50ರ, ಹನ್ನೆರಡು ವರ್ಷದ ಬರ್ಬನ್) ಆಗಿದ್ದರೆ ಈಗ ಉರಿ ಹಿಂದೆ ಸರಿದು ಹುರಿದ ಕಡಲೆಕಾಯಿ, ಕಂದು ಹಿಡಿದ ಸಕ್ಕರೆ ಪಾಕ, ವೆನಿಲಾ ಒಂದೊಂದಾಗಿ ಮುಂದೆ ಬರುತ್ತವೆ.

ಬಾಟಲಿಯಲ್ಲಿ ಮೂರನೇ ಒಂದು ಭಾಗ ಉಳಿದಾಗ, ಒಳಗಿನ ಗಾಳಿಗೆ ರುಚಿ ಸಪ್ಪೆಯಾಗದಿರಲು, ಸಣ್ಣ ಗಾಜಿನ ಶೀಸೆಗೆ ಕಂಠಮಟ್ಟ ತುಂಬಿ ಚೀಟಿ ಅಂಟಿಸಿ. ಅಂಟಿಸದಿದ್ದರೆ ಮನೆಯವರು ವೆನಿಲಾ ಎಸೆನ್ಸ್ ಎಂದುಕೊಂಡು ಕೇಕಿಗೆ ಸುರಿಯುತ್ತಾರೆ. ಕೇಕ್ ಅದ್ಭುತವಾಗಿ ಬರುತ್ತದೆ. ಮುಂದಿನ ಭಾನುವಾರವೂ ಅದೇ ಎಸೆನ್ಸ್ ತಗೊಂಡು ಬನ್ನಿ ಅನ್ನುತ್ತಾರೆ.