ಸತ್ಯಾಂಶ: ತಡವರಿಸಿದ ಮಾತು ಸುಳ್ಳಲ್ಲ

ದಾವಣಗೆರೆಯ ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೂ ಆ ಫಾರ್ವರ್ಡ್ ಬಂತು: ‘ಅತ್ಯಾಚಾರ ನಿಜವಾಗಿದ್ದರೆ ಎಲ್ಲವನ್ನೂ ಸರಿಯಾಗಿ ಹೇಳುತ್ತಾರೆ. ತಡವರಿಸಿದರೆ ಸುಳ್ಳು.’ ಇದು ತಪ್ಪು.

ವಿಪರೀತ ಭಯದಲ್ಲಿ ಮಿದುಳು ನಡೆದದ್ದನ್ನು ಸಾಲಾಗಿ ಜೋಡಿಸಿಡದೇ ಇರಬಹುದು. ಗಡಿಯಾರದ ಟಿಕ್ ಟಿಕ್ ನೆನಪಿರಬಹುದು, ಯಾವ ವಾರ ಅನ್ನೋದು ಮರೆತಿರಬಹುದು. ಕೆಲವರು ಅಳುತ್ತಾರೆ. ಕೆಲವರು ಸುಮ್ನೆ ನೆಲ ನೋಡುತ್ತಾ ಸೆರಗಿನ ತುದಿ ಸುತ್ತುತ್ತಾರೆ. ಕಿರುಚದೆ ಮರಗಟ್ಟಿದ್ದು ಒಪ್ಪಿಗೆಯೂ ಅಲ್ಲ.

ಅದಕ್ಕೇ ತರಬೇತಾದ ಆಪ್ತಸಮಾಲೋಚಕರು ‘ಯಾಕೆ ಓಡಲಿಲ್ಲ?’ ಎನ್ನುವುದಿಲ್ಲ. ‘ನೀರು ಕುಡೀತೀರಾ? ಬಾಗಿಲು ತೆಗೆದಿಡಲಾ?’ ಎನ್ನುತ್ತಾರೆ. ದಿನವಿಡೀ ಇಂಥ ನೋವು ಕೇಳಿದರೆ ಅವರ ನಿದ್ದೆಯೂ ಕೆಡಬಹುದು. ಅವರಿಗೂ ಆಸರೆ ಬೇಕು ಅಲ್ವಾ?

ಇನ್ನೊಂದು ಮಾತು. ಅತ್ಯಾಚಾರಕ್ಕೆ ಒಳಗಾದವರಿಗೆ ಸರ್ಕಾರಿ, ಖಾಸಗಿ ಯಾವ ಆಸ್ಪತ್ರೆಯಾದರೂ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು. ಮೊದಲು ಎಫ್‌ಐಆರ್ ತನ್ನಿ ಎನ್ನುವಂತಿಲ್ಲ. ಮಹಿಳಾ ಸಹಾಯವಾಣಿ 181, ಮನಸ್ಸಿನ ನೆರವಿಗೆ ಟೆಲಿ ಮಾನಸ್ 14416.