ರಾಷ್ಟ್ರೀಯ ಸರ್ಕಾರ ಬೇಕಿತ್ತಾ? ಶ್ರೀಲಂಕಾದ 2015ರ ಪ್ರಯೋಗ: ಪರ, ವಿರೋಧ

ದೇಶ ಎಲ್ಲಾದ್ರೂ ಸಿಕ್ಕಾಕೊಂಡಾಗ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ, ಈ ಪಕ್ಷಗಳ ಜಗಳ ಸಾಕು, ಎಲ್ಲಾರೂ ಸೇರಿ ಒಂದು ಸರ್ಕಾರ ಮಾಡ್ಲಿ ಅಂತ. ಕೇಳೋಕೆ ಚೆನ್ನಾಗೇ ಇರುತ್ತೆ. ನಮ್ಮ ಪಕ್ಕದ ಶ್ರೀಲಂಕಾ ಇದನ್ನ ನಿಜವಾಗ್ಲೂ ಮಾಡಿ ನೋಡಿತು. ಆಗಸ್ಟ್ 2015ರ ಚುನಾವಣೆ ಆದ್ಮೇಲೆ ಅಲ್ಲಿನ ಎರಡು ದೊಡ್ಡ ಪಕ್ಷಗಳು, ಅಂದ್ರೆ ಪ್ರಧಾನಿ ರನಿಲ್ ವಿಕ್ರಮಸಿಂಘೆಯವರ ಯುಎನ್‌ಪಿ (ಯುನೈಟೆಡ್ ನ್ಯಾಷನಲ್ ಪಾರ್ಟಿ) ಮತ್ತು ಅಧ್ಯಕ್ಷ ಮೈತ್ರಿಪಾಲ ಸಿರಿಸೇನ ಅವರ ಎಸ್‌ಎಲ್‌ಎಫ್‌ಪಿ (ಶ್ರೀಲಂಕಾ ಫ್ರೀಡಂ ಪಾರ್ಟಿ), ಹುಟ್ಟಿದಾಗಿಂದ ಒಬ್ಬರಿಗೊಬ್ಬರು ಎದುರಾಳಿಗಳು, ಒಪ್ಪಂದಕ್ಕೆ ಸಹಿ ಹಾಕಿ ಒಂದೇ ಸಂಪುಟದಲ್ಲಿ ಕೂತರು. ಅದು ಸರಿಯಾದ ತೀರ್ಮಾನವಾಗಿತ್ತಾ ಅನ್ನೋದು ಪ್ರಶ್ನೆ. ಎರಡೂ ಕಡೆ ಪೂರ್ತಿ ಬಲ ಹಾಕಿ ಬರೆದಿದ್ದೀನಿ, ನನ್ನ ಮನಸ್ಸು ಎತ್ತ ವಾಲಿದೆ ಅನ್ನೋದು ಓದ್ತಾ ಓದ್ತಾ ನಿಮಗೇ ಗೊತ್ತಾಗುತ್ತೆ.

ಪರ: ಆ ಹೊತ್ತಿಗೆ ಬೇರೆ ದಾರಿ ಇರ್ಲಿಲ್ಲ

ಮೊದಲು 2014ರ ಲಂಕಾ ಹೇಗಿತ್ತು ಅಂತ ನೆನಪು ಮಾಡ್ಕೋಬೇಕು. ಮೇ 2009ರಲ್ಲಿ ತಮಿಳು ಹುಲಿಗಳ (ಎಲ್‌ಟಿಟಿಇ) ಜೊತೆಗಿನ ಯುದ್ಧ ಮುಗಿದಿತ್ತು, ಗೆಲ್ಲಿಸಿದವರು ಅನ್ನೋ ಹೆಸರಲ್ಲಿ ಮಹಿಂದ ರಾಜಪಕ್ಸ ಅಧ್ಯಕ್ಷರು, ತಮ್ಮ ಗೋಟಬಯ ರಕ್ಷಣಾ ಕಾರ್ಯದರ್ಶಿ, ಇನ್ನೊಬ್ಬ ತಮ್ಮ ಬೇಸಿಲ್ ಆರ್ಥಿಕ ಅಭಿವೃದ್ಧಿ ಮಂತ್ರಿ, ಅಣ್ಣ ಚಮಲ್ ಸ್ಪೀಕರ್. 2010ರಲ್ಲಿ 18ನೇ ತಿದ್ದುಪಡಿ ತಂದು ಅಧ್ಯಕ್ಷರಿಗೆ ಎರಡೇ ಅವಧಿ ಅನ್ನೋ ಮಿತಿಯನ್ನೇ ತೆಗೆದುಹಾಕಿದ್ರು. ಜನವರಿ 2013ರಲ್ಲಿ ಮುಖ್ಯ ನ್ಯಾಯಮೂರ್ತಿಯನ್ನೇ ಮಹಾಭಿಯೋಗ ಮಾಡಿ ಮನೆಗೆ ಕಳಿಸಿದ್ರು. ಇಂಥ ವ್ಯವಸ್ಥೆ ಒಳಗಿಂದ ಬಿರುಕು ಬಿಡದೆ ಬೀಳೋದಿಲ್ಲ, ಅಲ್ಲೂ ಹಾಗೇ ಆಯ್ತು. ನವೆಂಬರ್ 2014ರಲ್ಲಿ ಮಹಿಂದರ ಸ್ವಂತ ಪಕ್ಷದ ಜನರಲ್ ಸೆಕ್ರೆಟರಿ, ಆರೋಗ್ಯ ಮಂತ್ರಿ ಸಿರಿಸೇನ, ಹಿಂದಿನ ರಾತ್ರಿ ಮಹಿಂದರ ಜೊತೆ ಕೂತು ಅಪ್ಪಂ ತಿಂದು, ಮಾರನೇ ದಿನ ವಿರೋಧ ಪಕ್ಷಗಳ ಅಭ್ಯರ್ಥಿಯಾಗಿ ಪ್ರೆಸ್ ಮುಂದೆ ಬಂದು ನಿಂತ್ರು, ಆ ಅಪ್ಪಂ ಊಟದ ಮಾತು ಲಂಕಾದಲ್ಲಿ ಇವತ್ತಿಗೂ ಓಡಾಡುತ್ತೆ. ಜನವರಿ 8, 2015ರ ಚುನಾವಣೆಯಲ್ಲಿ ಅವರಿಗೆ 51.28% ವೋಟು, ಮಹಿಂದರಿಗೆ 47.58%. ಆ 51ರಲ್ಲಿ ಯಾರ್‍ಯಾರು ಇದ್ರು? ಯುಎನ್‌ಪಿ ವೋಟು, ತಮಿಳರ ವೋಟು, ಮುಸ್ಲಿಮರ ವೋಟು, ಸಿಂಹಳ ಬೌದ್ಧ ಪಕ್ಷವೊಂದರ ವೋಟು, ಮಹಿಂದರ ಮೇಲೆ ಬೇಸತ್ತ ಎಸ್‌ಎಲ್‌ಎಫ್‌ಪಿ ವೋಟು. ಅಂದ್ರೆ ಜನ ಕೊಟ್ಟ ತೀರ್ಪೇ ಒಂದು ಪಕ್ಷದ್ದಲ್ಲ. ಅದನ್ನ ಒಂದೇ ಪಕ್ಷ ಜೇಬಿಗೆ ಹಾಕ್ಕೊಂಡಿದ್ರೆ ಅದು ಅನ್ಯಾಯ ಆಗ್ತಿತ್ತು.

ಆಗಸ್ಟ್ 17ರ ಸಂಸತ್ ಚುನಾವಣೆಯಲ್ಲಿ 225 ಸೀಟಲ್ಲಿ ರನಿಲ್ ಕೂಟಕ್ಕೆ 106 ಬಂತು, ಬಹುಮತಕ್ಕೆ ಏಳು ಕಡಿಮೆ. ಏಳು ಜನರನ್ನ ಎಳಕೊಳ್ಳೋದು ಯಾವ ಪಕ್ಷಕ್ಕೂ ಕಷ್ಟದ ಕೆಲಸ ಅಲ್ಲ, ನಮ್ಮ ಕಡೆ ಅದಕ್ಕೆ ರೆಸಾರ್ಟ್ ಅನ್ನೋ ಹೆಸರೇ ಇದೆ. ಆದ್ರೆ ಸಂವಿಧಾನ ಬದಲಾಯಿಸೋಕೆ ಮೂರನೇ ಎರಡು ಭಾಗ, ಅಂದ್ರೆ 150 ಬೇಕು, ಅದು ಎರಡು ದೊಡ್ಡ ಪಕ್ಷ ಸೇರದೆ ಆಗೋ ಮಾತೇ ಅಲ್ಲ.

ಇಲ್ಲಿ ಚರಿತ್ರೆಗೆ ಸ್ವಲ್ಪ ಜಾಸ್ತಿ ಹೋಗ್ಬೇಕು, ಯಾಕಂದ್ರೆ ಪರ ವಾದದ ಜೀವ ಇರೋದೇ ಇಲ್ಲಿ. ತಮಿಳರ ಪ್ರಶ್ನೆಯನ್ನ, ಅಂದ್ರೆ ಅವರ ಭಾಷೆಗೆ ಜಾಗ, ಅವರ ಪ್ರದೇಶಕ್ಕೆ ಅಧಿಕಾರದ ಪಾಲು ಕೊಡೋದನ್ನ, ಬಗೆಹರಿಸೋಕೆ ಲಂಕಾದಲ್ಲಿ ಯಾರೂ ಪ್ರಯತ್ನಾನೇ ಮಾಡ್ಲಿಲ್ಲ ಅಂತಲ್ಲ. 1957ರಲ್ಲಿ ಪ್ರಧಾನಿ ಬಂಡಾರನಾಯಕೆ ತಮಿಳು ನಾಯಕ ಚೆಲ್ವನಾಯಕಂ ಜೊತೆ ಒಪ್ಪಂದ ಮಾಡ್ಕೊಂಡ್ರು, ಆಗ ಯುಎನ್‌ಪಿಯ ಜೆ.ಆರ್. ಜಯವರ್ಧನೆ ಅದರ ವಿರುದ್ಧ ಕ್ಯಾಂಡಿಗೆ ಪಾದಯಾತ್ರೆ ಹೊರಟ್ರು, ಮುಂದಿನ ವರ್ಷ ಭಿಕ್ಷುಗಳ ಒತ್ತಡಕ್ಕೆ ಒಪ್ಪಂದ ಹರಿದೇ ಹೋಯ್ತು. 1965ರಲ್ಲಿ ಯುಎನ್‌ಪಿಯ ಡಡ್ಲಿ ಸೇನಾನಾಯಕೆ ಅದೇ ಚೆಲ್ವನಾಯಕಂ ಜೊತೆ ಇನ್ನೊಂದು ಒಪ್ಪಂದ ಮಾಡಿದ್ರು, ಈ ಸಲ ಬೀದಿಗಿಳಿದಿದ್ದು ಎಸ್‌ಎಲ್‌ಎಫ್‌ಪಿ. ಆಗಸ್ಟ್ 2000ದಲ್ಲಿ ಎಸ್‌ಎಲ್‌ಎಫ್‌ಪಿಯ ಅಧ್ಯಕ್ಷೆ ಚಂದ್ರಿಕಾ ಕುಮಾರತುಂಗ ಹೊಸ ಸಂವಿಧಾನದ ಕರಡು ತಂದಾಗ ಯುಎನ್‌ಪಿ ಸದಸ್ಯರು ಸಂಸತ್ತಿನ ಒಳಗೇ ಅದರ ಪ್ರತಿಗಳನ್ನ ಸುಟ್ಟರು. ಯಾರು ಅಧಿಕಾರದಲ್ಲಿದ್ರೂ ಇನ್ನೊಬ್ಬರು ಹೊರಗೆ ನಿಂತು "ದೇಶ ಮಾರ್ತಿದ್ದಾರೆ" ಅಂತ ಕೂಗೋದು, ಇಷ್ಟೇ ನಡೀತಾ ಬಂತು. ಹೊರಗೆ ನಿಲ್ಲೋಕೆ ಯಾರೂ ಇಲ್ಲದಂತೆ ಇಬ್ಬರನ್ನೂ ಒಳಗೆ ಕೂರಿಸಬೇಕು ಅನ್ನೋ ಯೋಚನೆ ಹುಟ್ಟಿದ್ದು ಇದರಿಂದ, ಅದನ್ನ ಬರೀ ಅಧಿಕಾರದ ಆಸೆ ಅಂತ ತಳ್ಳಿಹಾಕೋಕೆ ನನಗಂತೂ ಮನಸ್ಸು ಬರಲ್ಲ.

ಫಲಾನೂ ಸಿಕ್ಕಿತು. ಫೆಬ್ರವರಿ 4, 2016ರ ಸ್ವಾತಂತ್ರ್ಯ ದಿನದ ಸರ್ಕಾರಿ ಸಮಾರಂಭದಲ್ಲಿ 1949ರ ನಂತರ ಮೊದಲ ಸಲ ರಾಷ್ಟ್ರಗೀತೆಯನ್ನ ತಮಿಳಲ್ಲೂ ಹಾಡಿದ್ರು, ತನ್ನ ಭಾಷೆ ಅಂದ್ರೆ ಜೀವ ಅನ್ನೋ ಯಾವ ಕನ್ನಡಿಗನಿಗೂ ಇದು ಎಷ್ಟು ದೊಡ್ಡ ವಿಷಯ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಯುದ್ಧದಲ್ಲಿ ಕಾಣೆಯಾದವರನ್ನ ಹುಡುಕೋಕೆ ಒಂದು ಕಚೇರಿ ಕಾನೂನಿನ ಮೂಲಕ ಬಂತು. 2016ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು. ಯುರೋಪಿಯನ್ ಯೂನಿಯನ್ 2010ರಲ್ಲಿ ಕಿತ್ಕೊಂಡಿದ್ದ ರಫ್ತು ಸುಂಕದ ರಿಯಾಯಿತಿ 2017ರಲ್ಲಿ ವಾಪಸ್ ಸಿಕ್ಕಿ ಗಾರ್ಮೆಂಟ್ ಫ್ಯಾಕ್ಟರಿಗಳು ಉಸಿರಾಡಿದ್ವು.

ಕಡೆಗೆ ಆ ಸರ್ಕಾರ ಒಡೆದ ರೀತಿಯನ್ನೇ ನೋಡಿ. ಅಕ್ಟೋಬರ್ 26, 2018ರಂದು ಸಿರಿಸೇನ ಇದ್ದಕ್ಕಿದ್ದಂತೆ ರನಿಲ್‌ರನ್ನ ತೆಗೆದು ಮಹಿಂದರಿಗೆ ಪ್ರಧಾನಿ ಪ್ರಮಾಣವಚನ ಕೊಟ್ರು, ದೇಶಕ್ಕೆ ಇಬ್ಬರು ಪ್ರಧಾನಿ! ನವೆಂಬರ್ 16ರಂದು ಸಂಸತ್ತಿನ ಒಳಗೆ ಸ್ಪೀಕರ್ ಕರು ಜಯಸೂರ್ಯ ಪೊಲೀಸರ ಮಧ್ಯೆ ನಡ್ಕೊಂಡು ಬರ್ಬೇಕಾಯ್ತು, ಮಹಿಂದರ ಕಡೆಯ ಸದಸ್ಯರು ಖಾರದ ಪುಡಿ ಎರಚಿದ್ರು, ಕುರ್ಚಿ ಎಸೆದ್ರು, ಆದ್ರೂ ಸ್ಪೀಕರ್ ಸದನ ನಡೆಸಿ ವೋಟಿಗೆ ಹಾಕಿಸಿದ್ರು. ಡಿಸೆಂಬರ್ 13ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ, ಈ ಗಲಾಟೆ ನಡುವೆ ಅಧ್ಯಕ್ಷರು ಸಂಸತ್ತು ವಿಸರ್ಜಿಸಿದ್ದು ಸಂವಿಧಾನಕ್ಕೆ ವಿರುದ್ಧ ಅಂದ್ರು. ಯಾಕೆ ಹಾಗಂದ್ರು? 2015ರ 19ನೇ ತಿದ್ದುಪಡಿಯಲ್ಲಿ ನಾಲ್ಕೂವರೆ ವರ್ಷ ಆಗೋವರೆಗೂ ಅಧ್ಯಕ್ಷರು ತಾವಾಗೇ ವಿಸರ್ಜನೆ ಮಾಡೋ ಹಾಗಿಲ್ಲ ಅಂತ ಬರೆದಿತ್ತು. 2013ರಲ್ಲಿ ಮುಖ್ಯ ನ್ಯಾಯಮೂರ್ತಿಯನ್ನ ಓಡಿಸಿದ್ದ ದೇಶದಲ್ಲಿ 2018ರ ಹೊತ್ತಿಗೆ ಕೋರ್ಟು ಅಧ್ಯಕ್ಷರ ಎದುರು ನಿಲ್ತು, ರನಿಲ್ ಮತ್ತೆ ಪ್ರಧಾನಿಯಾದ್ರು. ಮಂತ್ರಿಗಳ ಸಂಖ್ಯೆ ಜಾಸ್ತಿ ಆಯ್ತು, ಕಾರು ಬಂಗಲೆ ಖರ್ಚು ಏರಿತು, ಒಪ್ತೀನಿ. ಆದ್ರೆ ಕಾಲು ಶತಮಾನ ಯುದ್ಧ ಮಾಡಿದ ದೇಶಕ್ಕೆ ಅದು ತೆರಲಾರದ ಬೆಲೆ ಆಗಿರ್ಲಿಲ್ಲ.

ವಿರೋಧ: ಎಲ್ಲಾರೂ ಸರ್ಕಾರದಲ್ಲಿ ಕೂತ್ರೆ ಕೇಳೋರು ಯಾರು?

ಪರ ವಾದದ ದೊಡ್ಡ ಆಸ್ತಿ 19ನೇ ತಿದ್ದುಪಡಿ ತಾನೇ? ಅದು ಪಾಸಾಗಿದ್ದು ಏಪ್ರಿಲ್ 28, 2015ಕ್ಕೆ. ಎರಡು ಪಕ್ಷಗಳ ಒಪ್ಪಂದ ಆಗಿದ್ದು ಆಗಸ್ಟಲ್ಲಿ! ಜನವರಿಯಲ್ಲಿ ಸಿರಿಸೇನ ಗೆದ್ದಾಗಲೇ ರನಿಲ್ ಪ್ರಧಾನಿಯಾಗಿದ್ರು, ಏಪ್ರಿಲ್‌ನಲ್ಲಿ ಅವರದು ಅಲ್ಪಮತದ ಸರ್ಕಾರ. ಮಾರ್ಚಲ್ಲಿ ಎಸ್‌ಎಲ್‌ಎಫ್‌ಪಿಯ ಇಪ್ಪತ್ತಕ್ಕೂ ಹೆಚ್ಚು ಮಂದಿ ಮಂತ್ರಿ, ಉಪಮಂತ್ರಿ ಆಗಿದ್ರು ಅನ್ನೋದು ನಿಜ, ಆದ್ರೆ ವಿರೋಧ ಪಕ್ಷದ ನಾಯಕನ ಕುರ್ಚಿಯಲ್ಲಿ ಅದೇ ಪಕ್ಷದ ನಿಮಲ್ ಸಿರಿಪಾಲ ಡಿ ಸಿಲ್ವ ಕೂತಿದ್ರು, ಪಕ್ಷದ ಬಹುಪಾಲು ಜನ ಮಂತ್ರಿಗಿರಿ ಇಲ್ಲದೇನೇ ವೋಟು ಹಾಕಿದ್ರು. 200ಕ್ಕೂ ಹೆಚ್ಚು ಸದಸ್ಯರು ಪರ, ವಿರುದ್ಧ ಒಂದೇ ಒಂದು ವೋಟು. ಅಂದ್ರೆ ವಿಷಯ ಇಟ್ಕೊಂಡು ಚೌಕಾಸಿ ಮಾಡಿ, ತಿದ್ದುಪಡಿ ತಿದ್ದುಪಡಿಗೆ ಕೂತು ಮಾತಾಡಿದ್ರೆ ಕೆಲಸ ಆಗುತ್ತೆ ಅಂತ ಲಂಕಾನೇ ತೋರಿಸಿಕೊಟ್ಟಿತ್ತು. ಆಮೇಲೆ ಎಲ್ಲಾರೂ ಒಳಗೆ ಬಂದು ಕೂತ ಮೂರು ವರ್ಷದಲ್ಲಿ ಹೊಸ ಸಂವಿಧಾನ ಬಂತಾ? ಇಲ್ಲ. ಅಧ್ಯಕ್ಷ ಪದ್ಧತಿ ರದ್ದು ಮಾಡ್ತೀವಿ ಅಂದಿದ್ರು, ಆಯ್ತಾ? ಅದೂ ಇಲ್ಲ.

ಈಗ ಅದೇ ತಿದ್ದುಪಡಿಯ ಇನ್ನೊಂದು ಸಾಲು ನೋಡಿ. 46ನೇ ವಿಧಿ ಹೇಳುತ್ತೆ, ಸಂಪುಟದಲ್ಲಿ 30 ಮಂತ್ರಿ ಮೀರಬಾರದು, ಸಂಪುಟದ ಹೊರಗಿನ ರಾಜ್ಯ ಮಂತ್ರಿ ಉಪಮಂತ್ರಿ ಎಲ್ಲಾ ಸೇರಿ 40 ಮೀರಬಾರದು. ರಾಜಪಕ್ಸ ಕಾಲದಲ್ಲಿ ಎಲ್ಲಾ ದರ್ಜೆಯ ಮಂತ್ರಿಗಳು ಸೇರಿ ನೂರರ ಆಸುಪಾಸಿಗೆ ಹೋಗಿದ್ದನ್ನ ನೋಡಿ ಜನ ಕೇಳಿ ಪಡೆದ ಮಿತಿ ಇದು. ಅದರ ಕೆಳಗೇ ಇನ್ನೊಂದು ಮಾತಿದೆ, ಅತಿ ಹೆಚ್ಚು ಸೀಟು ಗೆದ್ದ ಪಕ್ಷ ಬೇರೆ ಪಕ್ಷಗಳ ಜೊತೆ ಸೇರಿ "ರಾಷ್ಟ್ರೀಯ ಸರ್ಕಾರ" ಮಾಡಿದ್ರೆ ಮಂತ್ರಿಗಳ ಸಂಖ್ಯೆಯನ್ನ ಸಂಸತ್ತೇ ತೀರ್ಮಾನ ಮಾಡಬಹುದು ಅಂತ. ಸೆಪ್ಟೆಂಬರ್ 2015ರಲ್ಲಿ ಸಂಸತ್ತು ತೀರ್ಮಾನ ಮಾಡೇಬಿಟ್ಟಿತು: ಸಂಪುಟಕ್ಕೆ 48, ಉಳಿದವರು 45. ಮಿತಿ ಹಾಕಿ ಐದು ತಿಂಗಳೂ ತುಂಬಿರ್ಲಿಲ್ಲ.

48 ಜನಕ್ಕೆ ಖಾತೆ ಎಲ್ಲಿಂದ ತರೋದು? ಇರೋದನ್ನೇ ಕತ್ತರಿಸಿ, ಸಂಬಂಧ ಇಲ್ಲದ್ದನ್ನ ಒಟ್ಟಿಗೆ ಹೊಲಿದ್ರು. ಉನ್ನತ ಶಿಕ್ಷಣ ಮತ್ತು ಹೆದ್ದಾರಿ ಒಬ್ಬರೇ ಮಂತ್ರಿಗೆ! ಯೂನಿವರ್ಸಿಟಿ ಸೀಟಿನ ಫೈಲೂ ಡಾಂಬರು ಟೆಂಡರಿನ ಫೈಲೂ ಒಂದೇ ಟೇಬಲ್ ಮೇಲೆ. ಇನ್ನೊಬ್ಬರಿಗೆ ಸುಸ್ಥಿರ ಅಭಿವೃದ್ಧಿ ಮತ್ತು ವನ್ಯಜೀವಿ. ಚುನಾವಣೇಲಿ ಜನ ಸೋಲಿಸಿ ಕಳಿಸಿದ್ದ ಎಸ್.ಬಿ. ದಿಸ್ಸನಾಯಕೆ, ಮಹಿಂದ ಸಮರಸಿಂಘೆ ಅಂಥವರನ್ನ ನ್ಯಾಷನಲ್ ಲಿಸ್ಟಿನ (ಒಟ್ಟು ವೋಟಿಗೆ ತಕ್ಕಂತೆ ಪಕ್ಷಗಳೇ ಸದಸ್ಯರನ್ನ ನೇಮಿಸೋ ಪಟ್ಟಿ) ಮೂಲಕ ಒಳಗೆ ಕರ್ಕೊಂಡು ಮಂತ್ರಿ ಮಾಡಿದ್ರು, ವೋಟು ಹಾಕಿದ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ ಹೇಳಿ. 1996ರ ವರ್ಲ್ಡ್ ಕಪ್ ಗೆದ್ದ ನಾಯಕ ಅರ್ಜುನ ರಣತುಂಗ ಬಂದರು ಮಂತ್ರಿಯಾಗಿದ್ರು, ಹಂಬನ್‌ತೋಟ ಬಂದರನ್ನ ಚೀನಾ ಕಂಪನಿಗೆ ಕೊಡೋ ಷರತ್ತುಗಳ ಬಗ್ಗೆ ಅವರಿಗೆ ತಕರಾರಿತ್ತು. ಮೇ 2017ರಲ್ಲಿ ಆ ಖಾತೆ ತಗೊಂಡು ಅವರಿಗೆ ಪೆಟ್ರೋಲಿಯಂ ಕೊಟ್ಟು, ಬಂದರನ್ನ ಅದೇ ಸಮರಸಿಂಘೆ ಕೈಗೆ ಕೊಟ್ರು, ಅದೇ ವರ್ಷ 99 ವರ್ಷದ ಲೀಸ್ ಆಯ್ತು. ಅದರ ಬಗ್ಗೆ ಬಹಿರಂಗವಾಗಿ ಮಾತಾಡಿದ ನ್ಯಾಯ ಮಂತ್ರಿ ವಿಜಯದಾಸ ರಾಜಪಕ್ಸ ಆಗಸ್ಟಲ್ಲಿ ಸಂಪುಟದಿಂದ ಹೊರಗೆ. ಒಪ್ಪಂದ ಸರಿಯೋ ತಪ್ಪೋ ಅದು ಬೇರೆ ಮಾತು. ಇಂಥ ಪ್ರಶ್ನೆಗಳನ್ನ ಕೇಳ್ಬೇಕಾಗಿದ್ದು ಎದುರಿನ ಸಾಲಲ್ಲಿ ಕೂತ ದೊಡ್ಡ ಪಕ್ಷ, ಆ ಸಾಲು ಖಾಲಿಯಾಗಿತ್ತು, ಹಾಗಾಗಿ ಸಂಪುಟದ ಒಳಗೇ ಕೇಳಿ ಖಾತೆ ಕಳ್ಕೋಬೇಕಾಯ್ತು.

ನನಗೆ ಅತಿ ದೊಡ್ಡ ಆಕ್ಷೇಪ ಇದೇ, ಈ ಖಾಲಿ ಸಾಲು. ಎರಡು ದೊಡ್ಡ ಪಕ್ಷ ಸರ್ಕಾರದಲ್ಲಿ ಸೇರಿದ್ಮೇಲೆ 16 ಸೀಟಿನ ತಮಿಳು ಕೂಟದ ಸಂಬಂಧನ್ ವಿರೋಧ ಪಕ್ಷದ ನಾಯಕರಾದ್ರು. 1983ರ ನಂತರ ತಮಿಳರೊಬ್ಬರು ಆ ಕುರ್ಚಿಗೆ ಬಂದಿದ್ದು ಗೌರವದ ವಿಷಯಾನೇ, ಆದ್ರೆ ಹೊಸ ಸಂವಿಧಾನಕ್ಕಾಗಿ ಸರ್ಕಾರದ ಜೊತೆ ದಿನಾ ಮಾತುಕತೆಯಲ್ಲಿದ್ದ ಆ ಹಿರಿಯರು ಸರ್ಕಾರವನ್ನ ಎಷ್ಟು ತರಾಟೆಗೆ ತಗೊಳ್ಳೋಕೆ ಸಾಧ್ಯ? ಇನ್ನೊಂದು ಕಡೆ ಮಹಿಂದರ ಹಿಂದೆ ಐವತ್ತರ ಆಸುಪಾಸು ಸದಸ್ಯರಿದ್ರು, ಅವರಿಗೆ ಅಧಿಕೃತ ವಿರೋಧ ಪಕ್ಷದ ಸ್ಥಾನ ಇಲ್ಲ, ಯಾಕಂದ್ರೆ ಕಾಗದದ ಮೇಲೆ ಅವರ ಪಕ್ಷ ಸರ್ಕಾರದಲ್ಲಿದೆ! ಸೆಂಟ್ರಲ್ ಬ್ಯಾಂಕಿನ ಬಾಂಡ್ ಹಗರಣ (ಸರ್ಕಾರಿ ಸಾಲಪತ್ರಗಳ ಹರಾಜಿನ ಅಕ್ರಮ), ಬೆಲೆ ಏರಿಕೆ, ಬರಗಾಲ, ಎಲ್ಲಾ ಸಿಟ್ಟೂ ಸಂಸತ್ತಿನ ಹೊರಗೆ ಒಂದೇ ಕಡೆ ಹರಿದು ಸೇರ್ತು. ಫೆಬ್ರವರಿ 2018ರ ಸ್ಥಳೀಯ ಚುನಾವಣೆಯಲ್ಲಿ ಮಹಿಂದರ ಹೊಸ ಪಕ್ಷ, ಮೊಗ್ಗಿನ ಗುರುತು, 40% ವೋಟು ತಗೊಂಡು ಬಹುಪಾಲು ಕೌನ್ಸಿಲ್‌ಗಳನ್ನ ಗುಡಿಸಿಹಾಕ್ತು. ಯಾರನ್ನ ದೂರ ಇಡೋಕೆ ಈ ಸರ್ಕಾರ ಕಟ್ಟಿದ್ರೋ, ಅವರಿಗೇ "ನಾವೊಬ್ರೇ ವಿರೋಧಿಗಳು" ಅನ್ನೋ ಜಾಗವನ್ನ ಪುಕ್ಕಟೆ ಬಿಟ್ಟುಕೊಟ್ಟ ಹಾಗಾಯ್ತು.

ಒಳಗಿನ ಸಂಸಾರ ಹೇಗಿತ್ತು ಅಂದ್ರೆ ಎತ್ತು ಏರಿಗೆ, ಕೋಣ ನೀರಿಗೆ. ಆರ್ಥಿಕ ವಿಷಯಕ್ಕೆ ಪ್ರಧಾನಿದೊಂದು ಸಂಪುಟ ಸಮಿತಿ, ಅದಕ್ಕೆ ಪೈಪೋಟಿಯಾಗಿ ಅಧ್ಯಕ್ಷರದೊಂದು ಆರ್ಥಿಕ ಮಂಡಳಿ. ಪ್ರಧಾನಿ ಆರಿಸಿ ತಂದ ಬ್ಯಾಂಕ್ ಗವರ್ನರ್ ಕಾಲದ ಬಾಂಡ್ ವ್ಯವಹಾರದ ಮೇಲೆ ಅಧ್ಯಕ್ಷರೇ ತನಿಖಾ ಆಯೋಗ ಕೂರಿಸಿದ್ರು, ಅದು ಬೇಕೇ ಇತ್ತು, ಆದ್ರೆ ಒಂದೇ ಸರ್ಕಾರದ ಇಬ್ಬರು ಹಿರಿಯರು ಹೀಗೆ ಎದುರುಬದುರು ನಿಂತ್ರೆ ಕೆಳಗಿನ ಅಧಿಕಾರಿ ಯಾರ ಮಾತು ಕೇಳ್ಬೇಕು? ಏಪ್ರಿಲ್ 2018ರಲ್ಲಿ ರನಿಲ್ ವಿರುದ್ಧ ಅವಿಶ್ವಾಸ ನಿರ್ಣಯ ಬಂದಾಗ ಸರ್ಕಾರದೊಳಗಿದ್ದ 16 ಎಸ್‌ಎಲ್‌ಎಫ್‌ಪಿ ಸದಸ್ಯರೇ ಅವರ ವಿರುದ್ಧ ಕೈಯೆತ್ತಿದ್ರು. 122ಕ್ಕೆ 76ರಲ್ಲಿ ರನಿಲ್ ಉಳಿದ್ರು, ವಿಶ್ವಾಸ ಉಳೀಲಿಲ್ಲ.

ಈ ಒಡಕಿನ ಬೆಲೆಯನ್ನ ಕಡೆಗೆ ತೆತ್ತವರು ಮಂತ್ರಿಗಳಲ್ಲ. ಏಪ್ರಿಲ್ 21, 2019ರ ಈಸ್ಟರ್ ಭಾನುವಾರ ಚರ್ಚು ಹೋಟೆಲ್‌ಗಳಲ್ಲಿ ಬಾಂಬ್ ಸಿಡಿದು 260ಕ್ಕೂ ಹೆಚ್ಚು ಜನ ಸತ್ರು. ಭಾರತದಿಂದ ಏಪ್ರಿಲ್ 4ಕ್ಕೇ ಎಚ್ಚರಿಕೆ ಹೋಗಿತ್ತು. ಆ ಮಾಹಿತಿ ನನ್ನ ತನಕ ಬರ್ಲೇ ಇಲ್ಲ ಅಂದ್ರು ಪ್ರಧಾನಿ, 2018ರ ಜಗಳದ ನಂತರ ರಾಷ್ಟ್ರೀಯ ಭದ್ರತಾ ಮಂಡಳಿ ಸಭೆಗೆ ಅವರನ್ನ ಕರೀತಾನೇ ಇರ್ಲಿಲ್ಲ. ಒಪ್ಪಂದ ಆಗ ಮುರಿದಿತ್ತು, ಸರಿ, ಆದ್ರೆ ಒಬ್ಬರನ್ನೊಬ್ಬರು ನಂಬದ ಆ ಜೋಡಿಯನ್ನ ಕುರ್ಚಿಗಳಲ್ಲಿ ಕೂರಿಸಿದ್ದು ಅದೇ ಒಪ್ಪಂದ. ಕೊಲಂಬೊದ ಶಾಂಗ್ರಿಲಾ ಹೋಟೆಲಲ್ಲಿ ಸತ್ತವರಲ್ಲಿ ನಮ್ಮವರೂ ಇದ್ರು. ಏಪ್ರಿಲ್ 18ರ ಲೋಕಸಭಾ ಮತದಾನ ಮುಗಿಸ್ಕೊಂಡು ನಾಲ್ಕು ದಿನ ಸುತ್ತಾಡಿ ಬರೋಣ ಅಂತ ಹೋಗಿದ್ದ ಬೆಂಗಳೂರು, ನೆಲಮಂಗಲ ಕಡೆಯ ಜೆಡಿಎಸ್ ಕಾರ್ಯಕರ್ತರು. ಎಚ್ಚರಿಕೆ ಕೈಯಲ್ಲಿದ್ದೂ ಕಾಪಾಡ್ಲಿಲ್ಲ ಅಂತ ಜನವರಿ 2023ರಲ್ಲಿ ಸುಪ್ರೀಂ ಕೋರ್ಟು ಸಿರಿಸೇನ ಅವರಿಗೆ 10 ಕೋಟಿ ಲಂಕಾ ರೂಪಾಯಿ ಪರಿಹಾರ ಕಟ್ಟೋಕೆ ಹೇಳಿತು.

2018ರಲ್ಲಿ ಒಪ್ಪಂದ ಮುರಿದ್ಮೇಲಾದ್ರೂ ರನಿಲ್ ಕಡೆಯವರು ಪಾಠ ಕಲಿತ್ರಾ ಅಂದ್ರೆ, ಈ ಬಾಂಬ್ ದಾಳಿಗೂ ಮುಂಚೆ, ಫೆಬ್ರವರಿ 2019ರಲ್ಲಿ, ಸಂಪುಟ ಮತ್ತೆ 30ಕ್ಕೆ ಇಳಿದಿದ್ದಾಗ, ತನ್ನ ಸ್ವಂತ ಗುರುತಿನಲ್ಲಿ ಒಬ್ಬನೇ ಸದಸ್ಯ ಗೆದ್ದಿದ್ದ ಮುಸ್ಲಿಂ ಕಾಂಗ್ರೆಸ್ಸನ್ನ ಜೊತೆಗೆ ತೋರಿಸಿ "ಇದೂ ರಾಷ್ಟ್ರೀಯ ಸರ್ಕಾರವೇ" ಅಂತ ಸಂಸತ್ತಿಗೆ ನಿರ್ಣಯ ಕಳಿಸಿದ್ರು. ವಿರೋಧ ಜೋರಾದ್ಮೇಲೆ ಸುಮ್ಮನೆ ಕೈಬಿಟ್ರು. ಮುಂದಿನ ವರ್ಷ, ಆಗಸ್ಟ್ 2020ರ ಚುನಾವಣೆಯಲ್ಲಿ 106 ಇದ್ದ ಯುಎನ್‌ಪಿಗೆ ಸಿಕ್ಕಿದ್ದು ನ್ಯಾಷನಲ್ ಲಿಸ್ಟಿನ ಒಂದೇ ಸೀಟು. ಅಕ್ಟೋಬರಲ್ಲಿ, ಮತ್ತೆ ಅಧಿಕಾರಕ್ಕೆ ಬಂದಿದ್ದ ರಾಜಪಕ್ಸರು 20ನೇ ತಿದ್ದುಪಡಿ ತಂದು 19ನೆಯದರ ಮುಖ್ಯ ಭಾಗಗಳನ್ನೆಲ್ಲಾ ಅಳಿಸಿದ್ರು. ಸುಧಾರಣೆಯನ್ನ ಉಳಿಸೋಕೆ ಸಂಸತ್ತಲ್ಲಿ ಬಲವಾದ ಪಕ್ಷ ಬೇಕು, ಈ ಪ್ರಯೋಗ ಎರಡೂ ಪಕ್ಷಗಳನ್ನ ಒಳಗಿಂದ ಪೊಳ್ಳು ಮಾಡಿತ್ತು.

2022ರಲ್ಲಿ ಆಗಿನ ಅಧ್ಯಕ್ಷ ಗೋಟಬಯ ದೇಶ ಬಿಟ್ಟು ಓಡಿದ್ಮೇಲೆ ಅಧ್ಯಕ್ಷರಾದ ರನಿಲ್ ಮತ್ತೆ ಸರ್ವಪಕ್ಷ ಸರ್ಕಾರಕ್ಕೆ ಎಲ್ಲಾರನ್ನೂ ಕರೆದ್ರು. ಪೆಟ್ರೋಲಿಲ್ಲ, ಗ್ಯಾಸಿಲ್ಲ, ಔಷಧಿ ಇಲ್ಲ ಅನ್ನೋ ಹೊತ್ತು, ಹೋಗಿದ್ರೆ ಯಾರೂ ತಪ್ಪು ಅಂತಿರ್ಲಿಲ್ಲ. ಅನುರ ಕುಮಾರ ದಿಸ್ಸನಾಯಕೆಯವರ ಎಡಪಂಥೀಯ ಪಕ್ಷ ಜೆವಿಪಿ ಹೋಗಲಿಲ್ಲ, ಎದುರಿನ ಸಾಲಲ್ಲೇ ಕೂತು ಪ್ರಶ್ನೆ ಕೇಳ್ತಾ ಬಂತು. 2015ರಲ್ಲಿ ಅವರಿಗಿದ್ದಿದ್ದು ಆರು ಸೀಟು. ನವೆಂಬರ್ 2024ರಲ್ಲಿ ಅವರ ಕೂಟಕ್ಕೆ 159 ಬಂತು, ಆಗ ಮಾಡಿದ ಸಂಪುಟದಲ್ಲಿ 21 ಮಂತ್ರಿಗಳು.