ಎಂತದ್ದೂ ಅಲ್ವಂತೆ!

ಇವತ್ತು ಮಂಗಳೂರಿನ ಹಂಪನಕಟ್ಟೆ ಹತ್ತಿರದ ಒಂದು ಮೆಡಿಕಲ್‌ನಲ್ಲಿ ಕಾಲೇಜು ಹುಡುಗಿಯೊಬ್ಬಳು ತುರಿಕೆ ಕ್ರೀಮಿನ ಟ್ಯೂಬನ್ನು ಕಣ್ಣ ಹತ್ತಿರ ಹಿಡಿದು, "ಅಣ್ಣಾ, ಈ ಕ್ಲೋರೋಕ್ರೆಸಾಲ್ ಅಂದ್ರೆ ಎಂತ?" ಅಂತ ಕೇಳಿದಳು. ಕೌಂಟರಿನವರು ನಕ್ಕರು. "ಎಂತದ್ದೂ ಅಲ್ಲ ಮಾರಾಯ್ತಿ, ಕ್ರೀಮ್ ಕೆಡಬಾರದು ಅಂತ ಹಾಕಿದ್ದು." ಹುಡುಗಿ ಪೆಚ್ಚಾದಳು. ನನಗೆ ಮೈಯೆಲ್ಲ ಉರಿಯಿತು.

ಎಂತದ್ದೂ ಅಲ್ವಂತೆ! ಸ್ನಾಯುಕೋಶದ ಒಳಗೆ ಕ್ಯಾಲ್ಸಿಯಂ ಕೂಡಿಟ್ಟ ಚೀಲಗಳಿವೆ, ಅವಕ್ಕೆ ರಯನೋಡಿನ್ ರಿಸೆಪ್ಟರ್ ಅಂತ ಒಂದು ಬಾಗಿಲು. ಅದು ತೆರೆದು ಕ್ಯಾಲ್ಸಿಯಂ ಹೊರಗೆ ಬಂದರೆ ಸ್ನಾಯು ಬಿಗಿಯುತ್ತದೆ, ಚೀಲಕ್ಕೆ ವಾಪಸ್ ಹೋದರೆ ಸಡಿಲ. ನರ ಹೇಳದಿದ್ದರೂ ಆ ಬಾಗಿಲನ್ನು ಕ್ಲೋರೋಕ್ರೆಸಾಲ್ ತೆರೆಯುತ್ತದೆ ಅಂತ 1993ರಲ್ಲೇ ಪ್ರಕಟವಾಗಿದೆ. ಈಗ ಲ್ಯಾಬುಗಳಲ್ಲಿ ಬೇಕೆಂದೇ ಬಳಸುತ್ತಾರೆ. ಕೆಲವರ ವಂಶದಲ್ಲಿ ಈ ಬಾಗಿಲೇ ಸಡಿಲ. ಅಂಥವರಿಗೆ ಹ್ಯಾಲೋಥೇನ್, ಸೆವೋಫ್ಲುರೇನ್‌ನಂಥ ಅರಿವಳಿಕೆ ಕೊಟ್ಟರೆ ಕ್ಯಾಲ್ಸಿಯಂ ನುಗ್ಗಿ, ಮೈ ಸೆಟೆದು, ಜ್ವರ ಏರಿ ಪ್ರಾಣಕ್ಕೇ ಬರಬಹುದು. ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ ಅಂತಾರೆ. ಅಂಥವರ ಸ್ನಾಯುವಿನ ಚೂರಿಗೆ ಲ್ಯಾಬಿನಲ್ಲಿ ಕ್ಲೋರೋಕ್ರೆಸಾಲ್ ಹಾಕಿದರೆ, ನಮ್ಮ ನಿಮ್ಮ ಸ್ನಾಯುವಿಗಿಂತ ಕಡಿಮೆ ಪ್ರಮಾಣಕ್ಕೇ ಬಿಗಿಯುತ್ತದೆ. ಇಷ್ಟೆಲ್ಲ ಮಾಡುವ ವಸ್ತು "ಎಂತದ್ದೂ ಅಲ್ಲ"!

ಈಗ ನಮ್ಮ ಡಾಕ್ಟರ್ ಮಿತ್ರರು ಕಮೆಂಟಿಗೆ ಬರ್ತಾರೆ, ಗೊತ್ತು. ಕ್ರೀಮಿನಲ್ಲಿರೋದು ಶೇಕಡಾ 0.1, ಚರ್ಮ ದಾಟಿ ಸ್ನಾಯುವಿಗೆ ತಲುಪೋದು ಎಷ್ಟು ಅಂತ. ಸರಿ ಸ್ವಾಮಿ, ಒಪ್ಪಿದೆ. ಕ್ರೀಮ್ ಹಚ್ಚಿದವರ ಕಾಲು ಸೆಟೆಯುತ್ತದೆ ಅಂತ ನಾನೂ ಹೇಳಿಲ್ಲ, ದಯವಿಟ್ಟು ವಾಟ್ಸಪ್ಪಿಗೆ ಹಾಗೆ ತಿರುಚಿ ಹಾಕಬೇಡಿ. ಆದರೆ ಈ ಉತ್ತರವನ್ನು ಆ ಹುಡುಗಿಗೆ ಹೇಳಬಹುದಿತ್ತಲ್ವಾ? "ಬ್ಯಾಕ್ಟೀರಿಯಾ ಬೆಳೆಯದ ಹಾಗೆ ಹಾಕಿದ್ದು, ಪ್ರಮಾಣ ತುಂಬಾ ಕಡಿಮೆ, ಉರಿ ಬಂದ್ರೆ ನಿಲ್ಲಿಸು" ಅನ್ನೋಕೆ ಅರ್ಧ ನಿಮಿಷ. ಗಲ್ಲಿಗೊಂದು ಆಸ್ಪತ್ರೆ ಇರುವ ಊರು ನಮ್ಮದು, ಪ್ರಶ್ನೆಗೆ ಮಾತ್ರ ಬರ!

ಅಪ್ಪನಿಗೆ ಇನ್ಸುಲಿನ್ ಕೊಡುವಾಗ ಬಾಟ್ಲಿಯಿಂದ ಆಸ್ಪತ್ರೆ ನೆಲ ಒರೆಸಿದ ವಾಸನೆ ಬರುತ್ತಿತ್ತು. ಅದು ಮೆಟಾಕ್ರೆಸಾಲ್, ಇದರದ್ದೇ ಸಂಬಂಧಿ. ಎಷ್ಟೋ ಜನರ ಹತ್ತಿರ ಕೇಳಿದ್ದೆ. ಎಲ್ಲರೂ ನಕ್ಕರು. ಅದಕ್ಕೇ ಇರಬೇಕು ಇವತ್ತು ಇಷ್ಟು ಸಿಟ್ಟು.

ಹಾಂ, ಮನೆಯಲ್ಲಿ ಯಾರಿಗಾದರೂ ಆಪರೇಷನ್ ಟೇಬಲ್ ಮೇಲೆ ಮೈ ಸೆಟೆದು ಜ್ವರ ಏರಿದ್ದುಂಟಾ? ಮುಂದಿನ ಸಲ ಅರಿವಳಿಕೆ ಡಾಕ್ಟ್ರಿಗೆ ಮೊದಲೇ ಹೇಳಿ. ಡ್ಯಾಂಟ್ರೋಲಿನ್ ಅಂತ ಆ ಬಾಗಿಲು ಮುಚ್ಚಿಸುವ ಮದ್ದಿದೆ, ಇದೆಯಾ ಅಂತಲೂ ಕೇಳಿ. ಅವರೂ ನಕ್ಕರೆ ನನಗೆ ಫೋನ್ ಮಾಡಿ.